ತೆನೆ ಬರುವ ವಾರ

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ ಮೊದಲ ವಾರ ನಮ್ಮ ಶಾಲೆಗೆ ಬಂದರೆ ಜಗಲಿಯ ಉದ್ದಕ್ಕೂ ಕೊಡೆಗಳು. ನೀರು ತೊಟ್ಟಿಕ್ಕುವ ಪುಟ್ಟ ಪುಟ್ಟ ಕೊಡೆಗಳು. ಅವುಗಳ ಪಕ್ಕದಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬಿ, ಹಳೇ ಟಿಫಿನ್ ಬಾಕ್ಸ್, ಬಾಳೆಎಲೆಯ ಪೊಟ್ಟಣ. ಬಿಚ್ಚಿದರೆ ಒಳಗೆ ಹೂವು. ದಾಸವಾಳ, ಕೇಪಳ, ಕರ್ಣಕುಂಡಲ, ನಂದಿಬಟ್ಟಲು, ಚೆಂಡು ಹೂವು. ಮಳೆಯಲ್ಲಿ ನೆನೆದ ಹೂವಿಗೆ ಒಂದು ವಾಸನೆ ಉಂಟಲ್ಲ, ಆ ವಾರ ಪೂರ್ತಿ ನಮ್ಮ ಕ್ಲಾಸಿನಲ್ಲಿ ಅದೇ ವಾಸನೆ.

ನಮ್ಮದು ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿ. ಇಗರ್ಜಿಯ, ಅಂದರೆ ಚರ್ಚಿನ ಅಂಗಳಕ್ಕೆ ತಾಗಿಕೊಂಡೇ ಶಾಲೆ. ಕನ್ನಡ ಮಾಧ್ಯಮದ ಅನುದಾನಿತ ಶಾಲೆ. ನಾನು ಅಲ್ಲಿ ಮೂರನೇ ತರಗತಿಯ ಟೀಚರ್. ನನ್ನ ಕ್ಲಾಸಿನ ಮಕ್ಕಳು ಮನೆಯಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತಾಡುತ್ತಾರೆ. ಈಚೆಗೆ ಉತ್ತರ ಕರ್ನಾಟಕದ ಕನ್ನಡ ಮಾತಾಡುವ ಮಕ್ಕಳೂ ಇದ್ದಾರೆ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು.

ಈ ಹೂವೆಲ್ಲ ಮೊಂತಿ ಫೆಸ್ತಿಗೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ಹಬ್ಬ. ನಮ್ಮ ಕರಾವಳಿಯ ಕಥೋಲಿಕರಿಗೆ ಅದು ಹೊಸ ಭತ್ತದ ಹಬ್ಬವೂ ಹೌದು. ಕನ್ನಡದಲ್ಲಿ ತೆನೆ ಹಬ್ಬ ಅಂತಲೇ ಹೇಳುತ್ತೇವೆ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ. ದಿನಾ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಎರಡು ಸಾಲಿನಲ್ಲಿ ಹೋಗಿ, ಹಾಡು ಹೇಳುತ್ತಾ ಬಾಲೆ ಮರಿಯಮ್ಮನಿಗೆ ಹೂವು ಹಾಕುತ್ತಾರೆ. ಹತ್ತನೇ ದಿನ ಹಬ್ಬ. ಅವತ್ತು ಫಾದರ್ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ಮಕ್ಕಳಿಗೆ ಕಬ್ಬು ಸಿಗುತ್ತದೆ. ಕಬ್ಬಿಗಾಗಿಯೇ ಕಾಯುವ ಮಕ್ಕಳು ಉಂಟು!

ನಮ್ಮಿಂದ ಸ್ವಲ್ಪ ದೂರದಲ್ಲೇ ನೇತ್ರಾವತಿಯ ದಡದಲ್ಲಿ ಫರಂಗಿಪೇಟೆ. ಅಲ್ಲಿನ ಮೋಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಫಾದರ್ ಜೋಕಿಂ ಮಿರಾಂದ ಈ ಹಬ್ಬ ಶುರುಮಾಡಿದರು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಪೋರ್ಚುಗೀಸಿನಲ್ಲಿ ಮೋಂತೆ ಅಂದರೆ ಬೆಟ್ಟ. ಆ ಬೆಟ್ಟವೇ ನಮ್ಮ ಬಾಯಲ್ಲಿ ಮೊಂತಿ ಆಯಿತು.

ನಾನು ಇವತ್ತು ಹೇಳುವುದು 2024ರ ಆ ವಾರದ ಬಗ್ಗೆ. ಆ ವರ್ಷ ಶುಕ್ರವಾರ ಗೌರಿ, ಶನಿವಾರ ಚೌತಿ, ಭಾನುವಾರ ಮೊಂತಿ ಫೆಸ್ತ್. ಮೂರೂ ಒಟ್ಟೊಟ್ಟಿಗೆ ಬಂದಿದ್ದವು. ಊರಲ್ಲಿ ಹೂವಿಗೆ ಎಷ್ಟು ಬೇಡಿಕೆ ಇದ್ದಿರಬಹುದು, ನೀವೇ ಯೋಚಿಸಿ.

ಅದಕ್ಕೂ ಮೊದಲಿನ ವಾರ ಪೋಷಕರ ಸಭೆ ಇತ್ತು. ಒಬ್ಬ ತಾಯಿ ಎದ್ದು ನಿಂತು ಕೇಳಿದರು. "ಟೀಚರ್, ಸೆಪ್ಟೆಂಬರ್ ಬಂದರೆ ಹೂವು, ಹಾಡು, ತೆನೆ. ಪಾಠ ಯಾವಾಗ?" ಅವರು ಸಿಟ್ಟಿನಲ್ಲಿ ಕೇಳಿದ್ದಲ್ಲ. ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಗಳ ಬಸ್ಸು ದಿನಾ ಅವರ ಮನೆ ಮುಂದೆ ಹೋಗುತ್ತದೆ. ಆದರೂ ಮಗಳನ್ನು ನಮ್ಮಲ್ಲೇ ಉಳಿಸಿದ್ದಾರೆ. ಅವರ ಪ್ರಶ್ನೆಯನ್ನು ಸುಮ್ನೆ ಬಿಟ್ಟುಬಿಡಲು ನನಗೆ ಆಗಲಿಲ್ಲ. ಆ ರಾತ್ರಿ ಪಾಠ ಯೋಜನೆಯ ಪುಸ್ತಕ ತೆಗೆದು ಕೂತೆ. ಗಣಿತದಲ್ಲಿ ಸಮ ಮತ್ತು ಬೆಸ ಸಂಖ್ಯೆ, ಕನ್ನಡದಲ್ಲಿ ಓದು, ಪರಿಸರ ಅಧ್ಯಯನದಲ್ಲಿ ನಾವು ತಿನ್ನುವ ಆಹಾರ. ಹಬ್ಬದ ತಯಾರಿಯಲ್ಲಿ ಇದೆಲ್ಲ ಇದೆಯಲ್ಲ ಅನ್ನಿಸಿತು. ಇಷ್ಟು ವರ್ಷ ನಾನು ಹೂವಿನ ಡಬ್ಬಿಗಳನ್ನು ಕಿಟಕಿಯ ಮೇಲಿಟ್ಟು ಪಾಠ ಮಾಡುತ್ತಿದ್ದೆ. ಈ ಸಲ ಮೇಜಿನ ಮೇಲೆ ಇಡೋಣ ಎಂದುಕೊಂಡೆ.

ಸೋಮವಾರ ಮಕ್ಕಳನ್ನು ಕೇಳಿದೆ, "ಮೊಂತಿ ಫೆಸ್ತಿನ ಊಟಕ್ಕೆ ಎಷ್ಟು ತರಕಾರಿ ಮಾಡುತ್ತಾರೆ?" ನಿಮಗೆ ಗೊತ್ತಿರಬಹುದು, ಆ ದಿನ ನಮ್ಮ ಮನೆಗಳಲ್ಲಿ ಮೀನು ಇಲ್ಲ, ಮಾಂಸ ಇಲ್ಲ. ಬಾಳೆಎಲೆಯಲ್ಲಿ ಊಟ. ಅಂಬಟೆ ಹಾಕಿದ ಕೆಸು ಮತ್ತು ಹರಿವೆ ದಂಟು, ಬೆಂಡೆ, ಹೀರೆ, ತೊಂಡೆ, ಅಲಸಂಡೆ, ಹಾಗಲ. ತರಕಾರಿಗಳ ಲೆಕ್ಕ ಮಾತ್ರ ಬೆಸವೇ ಆಗಬೇಕು. ನಾಲ್ಕು ಆದರೆ ಅಜ್ಜಿಯಂದಿರು ಒಪ್ಪುವುದಿಲ್ಲ. ಹೇಗಾದರೂ ಇನ್ನೊಂದು ಸೇರಿಸುತ್ತಾರೆ. ಮಕ್ಕಳು ಹೇಳುತ್ತಾ ಹೋದರು. ನಾನು ಬೋರ್ಡಿನಲ್ಲಿ ಬರೆದೆ. 3, 5, 7, 9, 11. ಸುತ್ತ ಚೌಕ ಎಳೆದು, "ಇದನ್ನು ಯಾರೂ ಒರೆಸಬಾರದು" ಅಂದೆ.

ಆಮೇಲೆ ಹೂವಿನ ಎಸಳು ಎಣಿಸಿದೆವು. ದಾಸವಾಳಕ್ಕೆ ಐದು, ಬೆಸ. ಕೇಪಳಕ್ಕೆ ನಾಲ್ಕು, ಸಮ. ನಂದಿಬಟ್ಟಲಿಗೆ ಐದು. ಚೆಂಡು ಹೂವು ಎಣಿಸಲು ಹೋದ ಮೂವರು ಮಕ್ಕಳು ಊಟದ ಗಂಟೆ ಹೊಡೆದರೂ ಏಳಲಿಲ್ಲ. ಅದರಲ್ಲಿ ನಾವು ಎಸಳು ಅನ್ನುವ ಒಂದೊಂದೂ ಒಂದೊಂದು ಸಣ್ಣ ಹೂವೇ. ಇಡೀ ಚೆಂಡು ಹೂವು ಹೂವುಗಳ ಒಂದು ಗುಂಪು. ಅದನ್ನು ಹೇಳಿದಾಗ ಒಬ್ಬಳು ಕೇಳಿದಳು, "ಹಾಗಾದರೆ ಮರಿಯಮ್ಮನಿಗೆ ಒಂದು ಚೆಂಡು ಹೂವು ಹಾಕಿದರೆ ತುಂಬ ಹೂವು ಹಾಕಿದ ಹಾಗೆ ಆಯ್ತಾ ಟೀಚರ್?" ಆಯ್ತು ಮಗಾ ಅಂದೆ.

ನಾಳೆ ಎಲ್ಲರೂ ಐದೈದು ಹೂವಾದರೂ ತನ್ನಿ ಅಂತ ಹೇಳಿಬಿಟ್ಟೆ. ಹಾಗೆ ಹೇಳಬಾರದಿತ್ತು. ಗದಗದ ಕಡೆಯ ಒಬ್ಬ ಹುಡುಗ ಆ ಜೂನ್‌ನಲ್ಲಷ್ಟೇ ನಮ್ಮ ಶಾಲೆಗೆ ಸೇರಿದ್ದ. ಅವನು ಎದ್ದು ನಿಂತು, "ನಮ್ಮ ರೂಮಿನ ಮುಂದ ಗಿಡ ಇಲ್ರಿ ಟೀಚರ್. ಬರೇ ಸಿಮೆಂಟ್ ಐತಿ" ಅಂದ. "ಇಲ್ಲದಿದ್ದರೆ ಬೇಡ ಮಗಾ" ಅಂದೆ. ಆದರೆ ಮಾತು ಬಾಯಿಂದ ಹೊರಟುಹೋಗಿತ್ತು. ಮರುದಿನ ಅವನು ಒಂದು ಮುಷ್ಟಿ ಮುಟ್ಟಿದರೆ ಮುನಿ ಹೂವು ತಂದಿದ್ದ. ರಸ್ತೆ ಬದಿಯಲ್ಲಿ ಬೆಳೆಯುತ್ತದಲ್ಲ, ಗುಲಾಬಿ ಬಣ್ಣದ ಸಣ್ಣ ಉಂಡೆಯ ಹಾಗೆ. ಅದರ ಮುಳ್ಳು ಎಷ್ಟು ಚೂಪು ಅಂತ ನಮ್ಮೂರಿನವರಿಗೆ ಗೊತ್ತು. ಅವನ ಬೆರಳುಗಳ ಮೇಲೆಲ್ಲ ಗೀರು. ಆ ಹೂವು ಸಂಜೆ ನೊವೆನಾದ ತಟ್ಟೆಯಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಇಟ್ಟವಳು ನಾನಲ್ಲ, ತಟ್ಟೆ ಹಿಡಿಯುವ ಹುಡುಗಿ.

ಮಂಗಳವಾರ ಓದು. ಕೊಂಕಣಿ ಹಾಡಿನ ಪುಸ್ತಕ ಕ್ಲಾಸಿಗೆ ತಂದೆ. ನಮ್ಮ ಕರಾವಳಿಯ ಕ್ರೈಸ್ತರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಪ್ರಾರ್ಥನೆ, ಹಾಡು, ಕತೆ, ಪತ್ರಿಕೆ, ಎಲ್ಲವೂ. 'ರಾಕ್ಣೊ' ವಾರಪತ್ರಿಕೆ 1938ರಿಂದ ಹಾಗೇ ಬರುತ್ತಿದೆ. ಕನ್ನಡ ಓದಲು ಬಂದರೆ ಕೊಂಕಣಿ ಓದಲು ಬೇರೆ ಅಕ್ಷರ ಕಲಿಯಬೇಕಿಲ್ಲ. ಇದು ನನಗೆ ಬಹಳ ದೊಡ್ಡ ವಿಷಯ. ಇಂಗ್ಲಿಷ್ ಶಾಲೆಗೆ ಹೋಗಿ ಕನ್ನಡ ಅಕ್ಷರ ಸರಿಯಾಗಿ ಕಲಿಯದ ನಮ್ಮದೇ ಮಕ್ಕಳು ಇಗರ್ಜಿಯಲ್ಲಿ ಅಜ್ಜಿಯ ಪ್ರಾರ್ಥನೆ ಪುಸ್ತಕ ಹಿಡಿದು ಓದಲಾಗದೆ ನಿಲ್ಲುತ್ತಾರೆ. ಅದನ್ನು ನೋಡುವಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ.

ನಮ್ಮ ಕ್ಲಾಸಿನಲ್ಲಿ ಆ ದಿನ ಹಾಡು ಓದಿದವರಲ್ಲಿ ತುಳು ಮಕ್ಕಳೂ ಇದ್ದರು, ಬ್ಯಾರಿ ಮಕ್ಕಳೂ ಇದ್ದರು. ಅರ್ಥ ಗೊತ್ತಿಲ್ಲದಿದ್ದರೂ ಅಕ್ಷರ ಗೊತ್ತಲ್ಲ. ಕೊಂಕಣಿ ಮಕ್ಕಳು ಅರ್ಥ ಹೇಳಿಕೊಟ್ಟರು. ಹಾಗೇ ತೆನೆಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. ತುಳುವಿನಲ್ಲಿ ಕುರಲ್. ಕುಂದಾಪುರದಿಂದ ಬಂದ ಮನೆಯಲ್ಲಿ ಕದಿರು. ಗದಗದವನ ಮನೆಯಲ್ಲಿ ತೆನಿ. ಆಶೀರ್ವಾದ ಮಾಡಿಸಿ ಮನೆಗೆ ತಂದ ಹೊಸ ಭತ್ತಕ್ಕೆ ಕೊಂಕಣಿಯಲ್ಲಿ ನೊವೆಂ. ಹೊಸತು ಎಂದೇ ಅದರ ಅರ್ಥ. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಒಂದೆರಡು ಕಾಳು ಕಳಿಸುವ ಮನೆಗಳೂ ಉಂಟು. ನನ್ನ ತಮ್ಮ ಕುವೈತಿನಲ್ಲಿದ್ದಾಗ ನಮ್ಮ ಅಮ್ಮ ಕಳಿಸುತ್ತಿದ್ದರು.

ಬುಧವಾರ ಮಳೆ ಸ್ವಲ್ಪ ಬಿಟ್ಟಿತು. ಗದ್ದೆಗೆ ಹೊರಟೆವು.

ಇಲ್ಲಿ ಒಂದು ಬೇಸರದ ಮಾತು ಹೇಳಬೇಕು. ನಾನು ಚಿಕ್ಕವಳಿದ್ದಾಗ ಹಬ್ಬಕ್ಕೆ ತೆನೆ ಎಲ್ಲಿಂದ ಅನ್ನುವ ಪ್ರಶ್ನೆಯೇ ಇರಲಿಲ್ಲ. ಇಗರ್ಜಿಯ ಸುತ್ತ ಗದ್ದೆಯೇ ಗದ್ದೆ. ಈಗ ಎಷ್ಟೋ ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದಿದೆ. ಕೆಲವು ಅಡಿಕೆ ತೋಟ ಆದವು, ಕೆಲವು ಮನೆ ಸೈಟು ಆದವು. ತೆನೆಗಾಗಿ ಇನ್ನೊಂದು ಊರಿಗೆ ಹೋಗುವ ಇಗರ್ಜಿಗಳು ಉಂಟು. ನಮ್ಮ ಊರಿನಲ್ಲಿ ಒಬ್ಬ ಅಜ್ಜ ಇನ್ನೂ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಬಿಟ್ಟಿಲ್ಲ. ಅವರು ಕ್ರೈಸ್ತರಲ್ಲ. ಅವರ ಮನೆಯಲ್ಲೂ ಕುರಲ್ ಕಟ್ಟುವ ಕ್ರಮ ಉಂಟು, ಹೊಸ ಅಕ್ಕಿ ಊಟ ಉಂಟು. ಮೊಂತಿ ಫೆಸ್ತಿನ ತೆನೆಯೂ ಅವರ ಗದ್ದೆಯಿಂದಲೇ ಬರುತ್ತದೆ. ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಕ್ಕಳನ್ನು ಹುಣಿಯ, ಅಂದರೆ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಸಿದೆವು. ಎಂ.ಒ.4 ತಳಿಯ ಭತ್ತ, ಸೊಂಟದ ಎತ್ತರ. ಕೆಲವು ತೆನೆ ಬಾಗಿದ್ದವು, ಕೆಲವು ಆಗಷ್ಟೇ ಹೊರಗೆ ಬಂದಿದ್ದವು. ಅಜ್ಜ ಒಂದು ತೆನೆ ಹತ್ತಿರಕ್ಕೆ ಎಳೆದು, "ನೋಡಿ ಮಕ್ಕಳೇ, ಹೂವು" ಅಂದರು. ಮಕ್ಕಳು ನಂಬಲಿಲ್ಲ. ಭತ್ತಕ್ಕೂ ಹೂವು ಉಂಟಾ? ಉಂಟು. ಒಂದೊಂದು ಕಾಳಿನ ಜಾಗವೂ ಮೊದಲು ಒಂದು ಹೂವೇ. ಬೆಳಿಗ್ಗೆ ಹೊತ್ತು ಅದರ ಎರಡು ಹೊಟ್ಟು ಸ್ವಲ್ಪ ಬಾಯಿ ತೆರೆಯುತ್ತವೆ. ದಾರದ ತುದಿಗೆ ಕಟ್ಟಿದ ಹಾಗೆ ಸಣ್ಣ ಕೇಸರಗಳು ಹೊರಗೆ ಜೋತಾಡುತ್ತವೆ. ಹೆಚ್ಚೆಂದರೆ ಒಂದೆರಡು ಗಂಟೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲೇ ಪರಾಗ ಬೀಳಬೇಕು, ಆಮೇಲೆ ಕಾಳು ಕಟ್ಟುತ್ತದೆ. ಮೂರು ದಿನದಿಂದ ಹೂವು ಎಣಿಸುತ್ತಿದ್ದ ಮಕ್ಕಳಿಗೆ ಇದು ಎಂಥ ಸಂತೋಷ ಕೊಟ್ಟಿತು ಅಂತೀರಿ! ಕೆಲವರು ತೆನೆಯ ಹತ್ತಿರ ಮುಖ ಇಟ್ಟು ಉಸಿರು ಬಿಡದೆ ನೋಡಿದರು, ಗಾಳಿಗೆ ಪರಾಗ ಹಾರಿಹೋಗಬಾರದು ಅಂತ.

ಬಾಗಿದ ತೆನೆಯಿಂದ ಒಂದೊಂದು ಕಾಳು ಕಿತ್ತು ಅಜ್ಜ ಎಲ್ಲರ ಕೈಗೂ ಕೊಟ್ಟರು. ಉಗುರಿನಲ್ಲಿ ಒತ್ತಿದರೆ ಬಿಳೀ ಹಾಲು. "ಇದು ಹಾಲುಗಾಳು. ಇನ್ನು ಮೂರು ವಾರ ಬಿಟ್ಟರೆ ಅಕ್ಕಿ" ಅಂದರು. ಆಗ ಗದಗದ ಹುಡುಗ ಅಜ್ಜನ ಪಕ್ಕಕ್ಕೆ ಹೋಗಿ ನಿಂತ. "ನಮ್ಮೂರಾಗ ಜ್ವಾಳದ ತೆನಿಯೊಳಗೂ ಹಿಂಗ ಹಾಲು ಬರ್ತೈತ್ರಿ. ಪೂರಾ ಗಟ್ಟಿ ಆಗೂಕಿಂತ ಮೊದ್ಲ ಸುಟ್ಟು ತಿಂತೀವ್ರಿ. ಸೀತನಿ ಅಂತಾರ." ಅಜ್ಜನಿಗೆ ಸೀತನಿ ಗೊತ್ತಿರಲಿಲ್ಲ. ಹೇಗೆ ಸುಡುತ್ತೀರಿ, ಹೇಗೆ ಕಾಳು ಬಿಡಿಸುತ್ತೀರಿ ಅಂತ ಕೇಳಿದರು. ಅವನು ಎರಡು ಅಂಗೈ ಉಜ್ಜಿ ತೋರಿಸಿದ. ವಾಪಸ್ ಬರುವಾಗ ಇಬ್ಬರೂ ಹುಣಿಯ ಮೇಲೆ ಮುಂದೆ ಮುಂದೆ ಮಾತಾಡುತ್ತಾ ನಡೆದರು. ಅಜ್ಜನ ಕನ್ನಡಕ್ಕೆ ತುಳುವಿನ ರಾಗ, ಇವನದ್ದು ಗದಗದ ಕನ್ನಡ. ನನಗೆ ಅರ್ಧ ಮಾತು ಕೇಳಿಸಲಿಲ್ಲ.

ಗುರುವಾರ ಶಿಕ್ಷಕರ ದಿನ. ರಾಧಾಕೃಷ್ಣನ್ ಅವರು 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು ಎಂದು ಮಕ್ಕಳಿಗೆ ಹೇಳಿದೆ. ಸಿಸ್ಟರ್ ಎಲ್ಲರಿಗೂ ಚಾಕ್ಲೇಟ್ ಕೊಟ್ಟರು. ಅರ್ಧ ದಿನ ಅದರಲ್ಲೇ ಹೋಯಿತು.

ಶುಕ್ರವಾರ ಹೂವಿಗೆ ಬರ ಬರುತ್ತದೆ ಎಂದುಕೊಂಡಿದ್ದೆ. ಮರುದಿನ ಚೌತಿ. ಹಿಂದೂ ಮಕ್ಕಳ ಮನೆಯಲ್ಲಿ ಗಣಪತಿಗೇ ಹೂವು ಬೇಕಲ್ಲ. ಚೌತಿಗೂ ಕಬ್ಬು ಬೇಕು, ನಮಗೂ ಕಬ್ಬು ಬೇಕು. ಪೇಟೆಯಲ್ಲಿ ರೇಟು ಕೇಳುವ ಹಾಗಿರಲಿಲ್ಲ. ಆದರೂ ಅವತ್ತು ಜಗಲಿಯಲ್ಲಿ ಡಬ್ಬಿಗಳು ಇದ್ದವು. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಾಯಿಯ ಮಗಳು ಐದು ಕೆಂಪು ದಾಸವಾಳ ತಂದಿದ್ದಳು. "ಅರ್ಧ ಗಣಪತಿಗೆ, ಅರ್ಧ ಮರಿಯಮ್ಮನಿಗೆ ಅಂತ ಅಮ್ಮ ಹೇಳಿದ್ರು. ಗಿಡದಲ್ಲಿ ಹನ್ನೊಂದು ಇತ್ತು ಟೀಚರ್. ಬೆಸ. ಭಾಗ ಆಗ್ಲಿಲ್ಲ. ಅದಕ್ಕೆ ಒಂದನ್ನು ಗಿಡದಲ್ಲೇ ಬಿಟ್ಟೆವು."

ನಾನು ಆ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದನ್ನು ಹೇಳಿದೆ. ಸಿಸ್ಟರಿಗೆ ಎರಡು ಸಲ ಹೇಳಿದೆ.

ಭಾನುವಾರ ಹಬ್ಬ ಚೆನ್ನಾಗಿ ಆಯಿತು. ಮೆರವಣಿಗೆಯಲ್ಲಿ ಬಾಲೆ ಮರಿಯಮ್ಮನ ಮುಂದೆ ಮಕ್ಕಳು ಹೂವು ಎಸೆಯುತ್ತಾ ನಡೆದರು. ಅಜ್ಜನ ಗದ್ದೆಯ ತೆನೆ ಎಲ್ಲರ ಕೈಯಲ್ಲೂ ಇತ್ತು. ಇಗರ್ಜಿಯ ಬಾಗಿಲಲ್ಲಿ ಕಬ್ಬು ಹಂಚಿದರು. ಯಾವ ಮನೆಯ ಮಗು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಗದಗದ ಹುಡುಗನೂ ತಂಗಿಯ ಕೈ ಹಿಡಿದುಕೊಂಡು ಬಂದಿದ್ದ.

ಸೋಮವಾರ ಕ್ಲಾಸಿನಲ್ಲಿ ಒಬ್ಬೊಬ್ಬರನ್ನಾಗಿ ಕೇಳಿದೆ, "ನಿನ್ನೆ ಮಧ್ಯಾಹ್ನ ಊಟಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ತರಕಾರಿ ಇತ್ತು?" ಏಳು ಅಂದರು, ಐದು ಅಂದರು. ಒಬ್ಬ ಹದಿಮೂರು ಅಂದ. ಅವನಿಗೆ ಹೆಸರು ಹೇಳಲು ಹೇಳಿದಾಗ ಎಂಟರಲ್ಲಿ ನಿಂತಿತು. ಉಪ್ಪಿನಕಾಯಿ ಸೇರಿಸಿ ಒಂಬತ್ತು ಮಾಡಿಕೊಂಡ. ಚೌತಿಯ ಮನೆಯವರು ಹಿಂದಿನ ದಿನದ ಲೆಕ್ಕ ಕೊಟ್ಟರು. ಹೀಗೆ ಗದಗದ ಹುಡುಗನ ಸರದಿ ಬಂತು.

"ಒಂದ್ರಿ. ಬದನಿಕಾಯಿ ಪಲ್ಯ."

ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಅವನು ಬೋರ್ಡಿನ ಕಡೆ ನೋಡುತ್ತಿದ್ದ.

"ಒಂದೂ ಬೆಸಾನ ಹೌದಲ್ರಿ ಟೀಚರ್?"

ಸಾಲು ಮೂಲೆಯಲ್ಲಿ ಹಾಗೇ ಇತ್ತು. 3, 5, 7, 9, 11. ಸುತ್ತ ನಾನೇ ಎಳೆದ ಚೌಕ. 3ರ ಎಡಕ್ಕೆ ಜಾಗವೇ ಬಿಟ್ಟಿರಲಿಲ್ಲ. ಹೌದು ಮಗಾ ಅಂದೆ. ಆ ಬದಿಯ ಗೆರೆಯನ್ನು ಕೈಯಿಂದಲೇ ಒರೆಸಿ 1 ಬರೆದೆ.