ಬದುವಿನ ಜಗಳದಲ್ಲಿ ಕ್ಯಾಮೆರಾದವನಿಗೇನು ಕೆಲಸ?

ಎಲ್ಲರಿಗೂ ನಮಸ್ಕಾರ. ಸ್ಲೈಡ್ ಆಮೇಲೆ ನೋಡೋಣ, ಮೊದಲು ಒಂದು ಪ್ರಶ್ನೆ. ಊರಲ್ಲಿ ಹೊಲದ ಬದುವಿನ ಜಗಳ ನೋಡಿದವರು ಎಷ್ಟು ಜನ ಇದ್ದೀರಿ? ಪರವಾಗಿಲ್ಲ, ಸುಮಾರು ಕೈ ಮೇಲೆದ್ದವು. ಹಾಗಾದರೆ ನಿಮಗೆ ಅರ್ಧ ವಿಷಯ ಆಗಲೇ ಗೊತ್ತಿದೆ. ಅಣ್ಣತಮ್ಮಂದಿರು ನಿಜವಾಗಿ ಹೊಡೆದಾಡುವುದು ಕಮ್ಮಿ. ಬದುವಿನ ಮೇಲೆ ನಿಂತು ಕೂಗಾಡುವುದು, ಪಂಚೆ ಎತ್ತಿ ಕಟ್ಟುವುದು, ಹಗಲು ಒಬ್ಬ ಕಲ್ಲು ನೆಟ್ಟರೆ ರಾತ್ರಿ ಇನ್ನೊಬ್ಬ ಅದನ್ನು ಕಿತ್ತು ಅರ್ಧ ಅಡಿ ಆಚೆ ನೆಡುವುದು, ಇದೇ ಜಾಸ್ತಿ. ಪ್ರಾಣಿ ಪಕ್ಷಿಗಳ ಟೆರಿಟರಿ ಜಗಳವೂ, ಅಂದರೆ ತಮ್ಮದು ಅಂತ ಹಿಡಿದ ಜಾಗಕ್ಕಾಗಿ ಆಡುವ ಜಗಳವೂ, ಹೆಚ್ಚುಕಮ್ಮಿ ಹೀಗೇ. ಕೊಂಬು ತಾಗಿಸಿದರೆ ಗೆದ್ದವನಿಗೂ ಗಾಯ. ಕಾಲಿಗೆ ಪೆಟ್ಟಾದ ಹುಲಿಗೆ ಬೇಟೆ ಸಿಗಲ್ಲ. ಅದಕ್ಕೇ ಅವು ಮೊದಲು ಹಾಡುತ್ತವೆ, ಉಗ್ರವಾಗಿ ನಿಲ್ಲುತ್ತವೆ, ವಾಸನೆ ಬಿಡುತ್ತವೆ. ಹೊಡೆದಾಟ ಕೊನೆಗೆ.

ಇದರಲ್ಲಿ ಫೋಟೋ ತೆಗೆಯುವವನು ಎಲ್ಲಿ ನಿಲ್ಲಬೇಕು ಅನ್ನೋದು ನನಗೆ ಅರ್ಥವಾಗಿದ್ದು ಬೈಸಿಕೊಂಡ ಮೇಲೆ.

ಹನ್ನೆರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಸಾಲ ಮಾಡಿ ದೂರದ್ದನ್ನು ಹತ್ತಿರ ಎಳೆಯುವ 150-600 ಎಂಎಂ ಜೂಮ್ ಲೆನ್ಸ್ ತಗೊಂಡಿದ್ದೆ. ತುಮಕೂರಿನ ಕಡೆ ಒಂದು ಬತ್ತಿದ ಕೆರೆ ಅಂಗಳಕ್ಕೆ ಹೋಗಿದ್ದೆ. ಬೆಳಗ್ಗೆ ಹತ್ತು ಗಂಟೆ ದಾಟಿತ್ತು. ಒಂದು ಟಿಟ್ಟಿಭ ಕಿರುಚುತ್ತಾ ತಲೆ ಮೇಲೇ ಬಂತು. ಕಣ್ಣಿನ ಮುಂದೆ ಕೆಂಪು ಚರ್ಮ, ಹಳದಿ ಕಾಲು ಜೋತುಬಿಟ್ಟುಕೊಂಡು ನೇರವಾಗಿ ಲೆನ್ಸಿಗೇ ಇಳಿಯುತ್ತಿತ್ತು. ತಿರುಗಿ ಹೋಗಿ ಮತ್ತೆ ಬರುತ್ತಿತ್ತು. ಜೊತೆಗೆ ಇನ್ನೊಂದೂ ಸೇರಿಕೊಂಡಿತು. ನನಗೋ ಹಬ್ಬ! ನಾನೂರು ಫ್ರೇಮ್ ಹೊಡೆದಿರಬೇಕು. ಕಡಲಿನ ಮೇಲೇ ಜಗಳಕ್ಕೆ ನಿಂತ ಟಿಟ್ಟಿಭದ ಕಥೆ ಚಿಕ್ಕಂದಿನಲ್ಲಿ ಕೇಳಿದ್ದೆನಲ್ಲ, ಅದೇ ಶೀರ್ಷಿಕೆ ಕೊಡೋಣ ಅಂತ ಅಲ್ಲೇ ಯೋಚನೆ ಮಾಡಿದ್ದೆ. ಆಗ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ದೂರದಿಂದಲೇ ಕೂಗಿದ. "ಅಲ್ಲಪ್ಪಾ, ಅದು ನಿನ್ನ ಬೈತಾ ಐತೆ, ನೀನು ಫೋಟ ಹಿಡೀತಾ ನಿಂತೀಯಲ್ಲ. ಕಾಲತ್ರ ನೋಡ್ಕೋ."

ನೋಡಿದೆ. ನಾಲ್ಕು ಹೆಜ್ಜೆ ಆಚೆ ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ, ನಾಲ್ಕು ಮೊಟ್ಟೆ. ಮಣ್ಣಿನದೇ ಬಣ್ಣ, ಕಪ್ಪು ಚುಕ್ಕಿ. ಇನ್ನೊಂದು ಸ್ವಲ್ಪ ಹಿಂದೆ ಸರಿದಿದ್ದರೆ ತುಳಿದೇ ಬಿಡುತ್ತಿದ್ದೆ.

ಈ ಹಕ್ಕಿ ಬಿಸಿಲಲ್ಲಿ ಮೊಟ್ಟೆ ಮೇಲೆ ಕೂರುವುದು ಬರೀ ಕಾವು ಕೊಡೋಕೆ ಅಂತ ಅಂದುಕೊಳ್ಳಬೇಡಿ, ಬೇಸಗೆಯಲ್ಲಿ ಅದು ನೆರಳು ಕೊಡೋಕೆ ಕೂರುತ್ತದೆ, ಹತ್ತಿರ ನೀರಿದ್ದರೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದೂ ಉಂಟು. ನಾನು ಅಲ್ಲಿ ನಿಂತ ಅಷ್ಟೂ ಹೊತ್ತು ಮೊಟ್ಟೆ ಕಾದ ನೆಲದ ಮೇಲೆ ಬೇಯುತ್ತಿತ್ತು. ಮುಂದಿನ ವಾರ ದೂರದಿಂದ ನೋಡಿದೆ, ಏನೂ ಇರಲಿಲ್ಲ. ಮರಿ ಆಗಿ ನಡೆದುಹೋದವೋ, ನನ್ನಿಂದ ಹಾಳಾದವೋ, ಯಾರಿಗೆ ಗೊತ್ತು. ಆ ನಾನೂರರಲ್ಲಿ ಒಂದನ್ನೂ ಇವತ್ತು ತಂದಿಲ್ಲ.

ಆವತ್ತಿನಿಂದ ಕ್ಯಾಮೆರಾ ಎತ್ತುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಜಗಳ ಆಡುತ್ತಿರುವುದು ಯಾರ ಜೊತೆ? ಇನ್ನೊಂದು ಹಕ್ಕಿ ಜೊತೆ, ಕಾಗೆ ಜೊತೆ, ನಾಯಿ ಜೊತೆ ಆದರೆ ಸರಿ, ನಾನು ಪ್ರೇಕ್ಷಕ. ನನ್ನ ಜೊತೆ ಆದರೆ ಅದು ಟೆರಿಟರಿ ಫೋಟೋ ಅಲ್ಲ, ನನ್ನ ತಪ್ಪಿನ ಫೋಟೋ. ಬಂದ ದಾರಿಯಲ್ಲೇ ವಾಪಸ್. ಅಂದಹಾಗೆ ಇದು ಬರೀ ಮರ್ಯಾದೆಯ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅಂದರೆ ಏನು ಅಂತ ಹೇಳುವಾಗ ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಬಂದೂಕು ಇಲ್ಲದವನೂ ಬೇಟೆಗಾರನೇ.

ಹಾಗಾದರೆ ಎಲ್ಲಿ ಹೋಗಬೇಕು? ನನ್ನನ್ನು ಕೇಳಿದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಬಯಲು ಹುಲ್ಲುಗಾವಲು, ಹುಲಿ ಚಿರತೆಯ ಗಲಾಟೆ ಇಲ್ಲ, ಜೀಪುಗಳ ಸಾಲಿಲ್ಲ. ಹಾವೇರಿ ಕಡೆಯವರಿಗೆ ರಾಣೆಬೆನ್ನೂರು ಇದೆ, 1974ರಿಂದ ಅಭಯಾರಣ್ಯ.

ಕೃಷ್ಣಮೃಗದ ಗಂಡುಗಳಲ್ಲಿ ಎಲ್ಲವಕ್ಕೂ ಸ್ವಂತ ಜಾಗ ಇರುವುದಿಲ್ಲ. ಪಡ್ಡೆ ಹುಡುಗರ ಗುಂಪೇ ಬೇರೆ ಓಡಾಡಿಕೊಂಡಿರುತ್ತದೆ. ಜಾಗ ಹಿಡಿದ ಯಜಮಾನ ದೂರದಿಂದಲೇ ಗೊತ್ತಾಗುತ್ತಾನೆ. ಕಪ್ಪು ಮೈ, ಒಬ್ಬನೇ ನಿಂತಿರುತ್ತಾನೆ. ಅವನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತಾನೆ, ಅದೇ ಅವನ ಗಡಿಕಲ್ಲು. ಕಣ್ಣಿನ ಮುಂದೆ ಒಂದು ಗ್ರಂಥಿ ಇದೆ, ಅದನ್ನು ಕಡ್ಡಿಗೆ, ಹುಲ್ಲಿಗೆ ತೀಡಿ ವಾಸನೆ ಬಿಡುತ್ತಾನೆ. ಇನ್ನೊಬ್ಬ ಗಂಡು ಹತ್ತಿರ ಬಂದರೆ ನೋಡಬೇಕು ಅವನ ನಡಿಗೆ! ಮೂತಿ ಮೇಲೆತ್ತಿ, ಕೊಂಬು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಹಾಕಿ, ಕಿವಿ ಇಳಿಬಿಟ್ಟು, ಬಾಲ ಸುತ್ತಿಕೊಂಡು, ಮದುವೆ ಮನೆಯಲ್ಲಿ ಬೀಗರು ಬಂದ ಹಾಗೆ. ಎಷ್ಟೋ ಸಲ ಇಬ್ಬರೂ ಪಕ್ಕಪಕ್ಕದಲ್ಲೇ ಗಡಿಗುಂಟ ಹೀಗೆ ನಡೆದು, ಮೂಗಲ್ಲಿ ಗೊರಗುಟ್ಟಿ, ವಾಪಸ್ ಹೋಗಿಬಿಡುತ್ತಾರೆ. ಹೊಸಬರು "ಅಯ್ಯೋ ಫೈಟ್ ಆಗಲೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಆ ನಡಿಗೆಯ ಫೋಟೋನೇ ಇಷ್ಟ. ಕೊಂಬಿಗೆ ಕೊಂಬು ಸಿಕ್ಕಿಸಿ ಧೂಳೆಬ್ಬಿಸಿದ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ.

ಮಾಡಬೇಕಾದ್ದು ಇಷ್ಟು. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ಬೈನಾಕ್ಯುಲರ್‌ನಲ್ಲಿ ಹಿಕ್ಕೆ ಗುಡ್ಡೆ ಎಲ್ಲೆಲ್ಲಿದೆ ನೋಡಿಕೊಳ್ಳಿ. ಎರಡು ಯಜಮಾನರ ಗುಡ್ಡೆ ಹತ್ತಿರ ಹತ್ತಿರ ಇದ್ದರೆ ಬದು ಅಲ್ಲೇ ಇದೆ ಅಂತ ಅರ್ಥ. ಮಾರನೇ ದಿನ ಬೆಳಕು ಹರಿಯುವ ಮುಂಚೆ, ಸೂರ್ಯ ಬೆನ್ನ ಹಿಂದೆ ಬರುವ ಹಾಗೆ, ಅಲ್ಲಿಂದ ಸಾಕಷ್ಟು ದೂರದಲ್ಲಿ ದಾರಿಯ ಮೇಲೇ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಇಳಿಯಬೇಡಿ. ಗಾಡಿಗೆ ಹೆದರದ ಜಿಂಕೆ ಮನುಷ್ಯನ ಎರಡು ಕಾಲು ಕಂಡರೆ ಓಡುತ್ತದೆ. ಕಿಟಕಿ ಮೇಲೆ ಅಕ್ಕಿಯೋ ರಾಗಿಯೋ ತುಂಬಿದ ಚೀಲ ಇಟ್ಟು ಲೆನ್ಸ್ ಮಲಗಿಸಿ, ದುಡ್ಡು ಕೊಟ್ಟು ಬೀನ್ ಬ್ಯಾಗ್ ತರಬೇಕಿಲ್ಲ. ಜಗಳ ಶುರುವಾದರೆ ಶಟರ್ ವೇಗ ಸೆಕೆಂಡಿನ 1/2000 ಹತ್ತಿರ ಇರಲಿ, ನಡಿಗೆಗೆ ಅಷ್ಟು ಬೇಡ. ಇನ್ನೊಂದು, ಇಬ್ಬರೂ ಫ್ರೇಮಿನಲ್ಲಿ ಹಿಡಿಸಬೇಕು, ಅದಕ್ಕೆ ಜೂಮ್ ಸ್ವಲ್ಪ ಹಿಂದೆ ಎಳೆಯಿರಿ, ಬರೀ ಒಂದು ಮುಖ ತುಂಬಿಸಿದರೆ ಅದು ಜಗಳ ಅಂತ ಯಾರಿಗೆ ಗೊತ್ತಾಗುತ್ತದೆ ಹೇಳಿ? ಬಿಸಿಲು ಏರಿದ ಮೇಲೆ ನೆಲದ ಝಳ ಎದ್ದು ಎಷ್ಟು ಒಳ್ಳೆ ಲೆನ್ಸಿನಲ್ಲೂ ಚಿತ್ರ ನೀರಿನೊಳಗಿನ ಹಾಗೆ ಅಲುಗುತ್ತದೆ. ಒಂಬತ್ತಕ್ಕೆಲ್ಲ ಮುಚ್ಚಿಟ್ಟು ಮಧುಗಿರಿಗೆ ಬಂದು ಇಡ್ಲಿ ತಿನ್ನಿ.

ಈಗ ಕೆಲವರಿಗೆ ಸಿಟ್ಟು ಬರುವ ಮಾತು. ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು. ಸಣ್ಣ ಬ್ಲೂಟೂತ್ ಸ್ಪೀಕರ್ ಪೊದೆಯಲ್ಲಿಟ್ಟು ಗಂಡಿನ ಹಾಡು ಹಾಕಿದರೆ ಎರಡೇ ನಿಮಿಷದಲ್ಲಿ ಹಕ್ಕಿ ಗರಿ ಉಬ್ಬಿಸಿಕೊಂಡು ಎದುರಿಗೇ ಬರುತ್ತದೆ. ಬಂದೇ ಬರುತ್ತದೆ, ಯಾಕೆಂದರೆ ಮನೆಗೆ ಕಳ್ಳ ನುಗ್ಗಿದ್ದಾನೆ ಅಂದುಕೊಂಡಿರುತ್ತದೆ. ಇಂಗ್ಲೆಂಡಿನಲ್ಲಿ ಡೇವಿಡ್ ಲ್ಯಾಕ್ ಅನ್ನುವ ವಿಜ್ಞಾನಿ ಅಲ್ಲಿನ ರಾಬಿನ್ ಹಕ್ಕಿಯ ಜಾಗದಲ್ಲಿ ಸತ್ತ ರಾಬಿನ್‌ಗೆ ಹುಲ್ಲು ತುಂಬಿಸಿಟ್ಟು ನೋಡಿದರು. ಹಕ್ಕಿ ಅದರ ಮೇಲೂ ಬಿತ್ತು. ಆಮೇಲೆ ಹಕ್ಕಿಯೇ ಬೇಡ, ಬರೀ ಎದೆಯ ಕೆಂಪು ಗರಿಗಳ ಗೊಂಚಲು ಇಟ್ಟರೂ ಜಗಳಕ್ಕೆ ಬಂತು. ಅಂದರೆ ಅದಕ್ಕೆ ಕೆಂಪು ಎದೆ ಕಂಡರೆ ಸಾಕು, ಅಥವಾ ಹಾಡು ಕೇಳಿದರೆ ಸಾಕು, ಸುಳ್ಳೋ ನಿಜವೋ ವಿಚಾರಿಸುವ ವ್ಯವಧಾನ ಇಲ್ಲ. ಅವರು ವಿಜ್ಞಾನಕ್ಕೆ ಮಾಡಿದರು. ನಾವು ಭಾನುವಾರ ಬಂದು ಒಂದೇ ಮಡಿವಾಳ ಹಕ್ಕಿಗೆ ಬ್ಯಾಚ್ ಮೇಲೆ ಬ್ಯಾಚ್ ಹಾಡು ಹಾಕಿದರೆ, ಅದು ಇಲ್ಲದ ವೈರಿಯ ಜೊತೆ ಹೋರಾಡುತ್ತಾ, ಮರಿಗೆ ಹುಳ ತರುವ ಹೊತ್ತನ್ನೆಲ್ಲ ಕಳೆಯುತ್ತದೆ. ನಾನು ಅಂಥವರ ಜೊತೆ ಹೋಗುವುದಿಲ್ಲ, ಅಷ್ಟೇ.

ಹುಲಿ ಬಗ್ಗೆ ಹೇಳದಿದ್ದರೆ ನೀವು ಬಿಡಲ್ಲ. ನಾಗರಹೊಳೆ, ಕಬಿನಿಯಲ್ಲಿ ಹುಲಿ ಬಾಲ ಎತ್ತಿ ಮರಕ್ಕೆ ಸಿಂಪಡಿಸುವುದು, ತೊಗಟೆ ಪರಚುವುದು, ಇದು ಟೆರಿಟರಿ ಕಾಯುವ ಕೆಲಸವೇ. ಆ ಸಿಂಪಡಿಕೆಗೆ ಬಾಸುಮತಿ ಅನ್ನದ ಘಮ, ತಮಾಷೆ ಅಲ್ಲ, ಎರಡರಲ್ಲೂ ಒಂದೇ ರಾಸಾಯನಿಕ ಇದೆ. ಎರಡು ಹುಲಿ ಹೊಡೆದಾಡುವುದು ಸಿಕ್ಕರೆ ನಿಮ್ಮ ಅದೃಷ್ಟ, ಹುಡುಕಿಕೊಂಡು ಹೋಗುವಂಥದ್ದಲ್ಲ. ಆದರೆ ಆನೆ ಕಿವಿ ಅಗಲಿಸಿ ಜೀಪಿನ ಮೇಲೆ ಬರುವ ಫೋಟೋ ಹಾಕಿ "ತನ್ನ ಸಾಮ್ರಾಜ್ಯ ಕಾಯುವ ಗಜರಾಜ" ಅಂತ ದಯವಿಟ್ಟು ಬರೆಯಬೇಡಿ. ಆನೆ ಓಡಾಡುವ ಜಾಗ ಅಂತ ಇರುತ್ತದೆ, ಹುಲಿಯ ಹಾಗೆ ಅದನ್ನು ಗಡಿ ಹಾಕಿ ಕಾಯುವುದಿಲ್ಲ. ಅದು ಬರುತ್ತಿರುವುದು ನಿಮ್ಮ ಡ್ರೈವರ್ ಹತ್ತಿರ ಹೋಗಿದ್ದಕ್ಕೆ.

ಕಾಡಿಗೆ ಹೋಗೋಕೆ ಆಗದವರು ಕರೆಂಟ್ ತಂತಿ ಮೇಲಿನ ಕಾಜಾಣ ನೋಡಿ. ಅದರ ಮರದ ಹತ್ತಿರ ಹದ್ದು ಬರಲಿ, ಕಾಗೆ ಬರಲಿ, ಅಷ್ಟು ಚಿಕ್ಕ ಹಕ್ಕಿ ಬೆನ್ನ ಮೇಲೇ ಹೋಗಿ ಕುಕ್ಕಿ ಓಡಿಸುತ್ತದೆ. ಅದರ ಧೈರ್ಯ ನಂಬಿ ಬೇರೆ ಹಕ್ಕಿಗಳು ಅದೇ ಮರದಲ್ಲಿ ಗೂಡು ಕಟ್ಟುವುದೂ ಉಂಟು. ಮಹಡಿ ಮೇಲೆ ನಿಂತು ತೆಗೆಯಿರಿ, ಅದಕ್ಕೆ ನಿಮ್ಮ ಮೇಲೆ ಗಮನವೇ ಇರುವುದಿಲ್ಲ.

ಕೊನೆಗೆ ಮನೆ ಬಾಗಿಲಿನದು. ನಿಂತ ಕಾರಿನ ಕನ್ನಡಿಗೆ ಸೂರಕ್ಕಿ ಬಂದು ಕುಕ್ಕುವುದು ಎಲ್ಲರೂ ನೋಡಿದ್ದೀರಿ. ವಿಡಿಯೋ ಮಾಡಿ ಮುದ್ದು ಅಂತ ಕಳಿಸುತ್ತೀರಿ. ಅದಕ್ಕೆ ಅಲ್ಲಿ ಕಾಣುವುದು ತನ್ನ ಜಾಗಕ್ಕೆ ಬಂದ ಇನ್ನೊಬ್ಬ ಗಂಡು, ಎಷ್ಟು ಹೊಡೆದರೂ ಹೋಗದ ಗಂಡು. ಇಡೀ ಬೆಳಗ್ಗೆ ಹೀಗೇ ಹೊಡೆದುಕೊಳ್ಳುತ್ತದೆ. ನಾನು ರಾತ್ರಿ ಕಾರು ನಿಲ್ಲಿಸಿದ ಮೇಲೆ ಎರಡೂ ಕನ್ನಡಿಗೆ ಹಳೇ ಕಾಲುಚೀಲ ಹಾಕುತ್ತೇನೆ. ನಮ್ಮ ಬೀದಿಯವರು ಅದು ದೃಷ್ಟಿಗೆ ಅಂದುಕೊಂಡಿದ್ದಾರೆ, ಪಕ್ಕದ ಮನೆಯವರೂ ಈಗ ಹಾಕಲು ಶುರು ಮಾಡಿದ್ದಾರೆ. ಸರಿ, ಲೈಟ್ ಆರಿಸಿ, ಮೊದಲನೇ ಸ್ಲೈಡ್ ಹಾಕಿ.