ಹಳೆಯ ಕಾಲಂ ಅಳಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಗಂತ ಹಳೆಯ ಐಎಫ್‌ಎಸ್‌ಸಿ ಕೋಡುಗಳು ಅಂದೇ ನಿಲ್ಲಲಿಲ್ಲ. 2021ರ ಜೂನ್ 30ರವರೆಗೂ ನಡೆದವು. ಪಿಂಚಣಿದಾರರು, ಅಂಗಡಿಯವರು ತಮ್ಮ ದಾಖಲೆ ಬದಲಿಸಿಕೊಳ್ಳಲು ಅಷ್ಟು ಕಾಲ ಸಿಕ್ಕಿತು. ಡೇಟಾಬೇಸಿನ ರಚನೆ ಬದಲಿಸುವಾಗಲೂ ನಡೆಯಬೇಕಾದ ದಾರಿ ಇದೇ.

ನಮ್ಮ ಜಿಲ್ಲೆಯ ಒಂದು ಸಹಕಾರಿ ಸಂಘದ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಸದಸ್ಯರ ಟೇಬಲ್ಲಿನಲ್ಲಿ 'ಫೋನ್' ಎಂಬ ಕಾಲಂ ಇದೆ, ಅದನ್ನು 'ಮೊಬೈಲ್' ಎಂದು ಮಾಡಬೇಕು. ಕಮಾಂಡ್ ಒಂದೇ ಸಾಲು, ಕ್ಷಣದ ಕೆಲಸ. ಆದರೆ ಶಾಖೆಗಳಲ್ಲಿ ಓಡುತ್ತಿರುವ ಹಳೆಯ ಪ್ರೋಗ್ರಾಂ 'ಫೋನ್' ಕೇಳುತ್ತಲೇ ಇರುತ್ತದೆ, ಸಿಗದೆ ನಿಂತುಬಿಡುತ್ತದೆ. ಹಾಗಾಗಿ ಮೊದಲು ಹೊಸ ಕಾಲಂ ಸೇರಿಸಿ. ಎರಡಕ್ಕೂ ಬರೆಯಿರಿ. ಹಳೆಯ ಮಾಹಿತಿಯನ್ನು ಸ್ವಲ್ಪಸ್ವಲ್ಪವಾಗಿ ನಕಲಿಸಿ. ಓದುವುದನ್ನು ಹೊಸದಕ್ಕೆ ತಿರುಗಿಸಿ. ಅಳಿಸುವ ಮಾತು ಮುಂದಿನ ಬಿಡುಗಡೆಗೆ ಇರಲಿ.

ಇದೆಲ್ಲ ಕೈಯಿಂದ ಟೈಪು ಮಾಡುವ ಕೆಲಸವಲ್ಲ. ಇಂಥ ಬದಲಾವಣೆಗಳನ್ನು ಫೈಲಿನಲ್ಲಿ ಬರೆದಿಟ್ಟು ಓಡಿಸುವ ಫ್ಲೈವೇ, ಲಿಕ್ವಿಬೇಸ್‌ನಂಥ ಸಾಧನಗಳಲ್ಲಿ ಪ್ರತಿ ಬದಲಾವಣೆಗೂ ತನ್ನದೇ ಗುರುತು ಇರುತ್ತದೆ, ಯಾವುದು ಓಡಿದೆ ಎಂಬ ಲೆಕ್ಕ ಆ ಡೇಟಾಬೇಸಿನೊಳಗೇ ಉಳಿಯುತ್ತದೆ. ಓಡಿದ ಮೇಲೆ ಯಾರಾದರೂ ಆ ಫೈಲನ್ನು ತಿದ್ದಿದರೆ, ಅದರ ಒಳಗಿನದರಿಂದ ಲೆಕ್ಕಹಾಕಿದ ಗುರುತುಸಂಖ್ಯೆಯಾದ ಚೆಕ್‌ಸಮ್ ತಾಳೆಯಾಗದೆ ಕೆಲಸ ನಿಲ್ಲುತ್ತದೆ. ಡೆವಲಪರ್ ಯಂತ್ರದಲ್ಲಿ ಓಡಿದ ಫೈಲೇ ಟೆಸ್ಟಿಂಗಿಗೆ, ನಿಜದ್ದರಂತೆಯೇ ಇರುವ ತಾಲೀಮು ವ್ಯವಸ್ಥೆಯಾದ ಸ್ಟೇಜಿಂಗಿಗೆ, ಕೊನೆಗೆ ಜನ ಬಳಸುವ ಪ್ರೊಡಕ್ಷನ್ನಿಗೆ ಹೋಗಬೇಕು. ರಾತ್ರಿ ಅವಸರದಲ್ಲಿ ಯಾರೋ ಪ್ರೊಡಕ್ಷನ್ನಿಗೆ ಮಾತ್ರ ಒಂದು ಇಂಡೆಕ್ಸ್, ಅಂದರೆ ಬೇಗ ಹುಡುಕಲು ನೆರವಾಗುವ ಸೂಚಿ, ಸೇರಿಸಿದರೆ, ಆಮೇಲೆ ಸ್ಟೇಜಿಂಗಿನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯೇ ಇಲ್ಲ.

ಸಾಧನ ಹಾಕಿದ ಮಾತ್ರಕ್ಕೆ ಅಪಾಯ ತಪ್ಪಿತು ಎಂದುಕೊಳ್ಳುವುದು ನನಗೆ ಹೆಚ್ಚು ಚಿಂತೆ ತರುವ ಸಂಗತಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಕಾಲಂ ಸೇರಿಸಲು ಟೇಬಲ್ಲಿನ ಮೇಲೆ ಬೇರಾರೂ ಮುಟ್ಟದಂತೆ ತಡೆಯುವ ಅತಿ ಕಟ್ಟುನಿಟ್ಟಿನ ಲಾಕ್ ಬೇಕು. ಆ ಹೊತ್ತಿಗೆ ದೊಡ್ಡದೊಂದು ವರದಿ ಓಡುತ್ತಿದ್ದರೆ ನಿಮ್ಮ ಕಮಾಂಡ್ ಕಾಯುತ್ತದೆ. ಅದರ ಹಿಂದೆ ಬರುವ ಸಾದಾ ಓದುಗಳೂ ಕಾಯುತ್ತವೆ. ಕೌಂಟರಿನಲ್ಲಿ ನಿಂತವರಿಗೆ ಸರ್ವರ್ ಡೌನ್! ಆದ್ದರಿಂದ ಲಾಕಿಗಾಗಿ ಕಾಯುವ ಮಿತಿ, ಅಂದರೆ ಲಾಕ್ ಟೈಮ್‌ಔಟನ್ನು ಕೆಲವೇ ಸೆಕೆಂಡಿಗೆ ಇಡಿ, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಲಿ. ಪೋಸ್ಟ್‌ಗ್ರೆಸ್ ಇಂಥ ಬದಲಾವಣೆಗಳಲ್ಲಿ ಹೆಚ್ಚಿನವನ್ನು ಟ್ರಾನ್ಸಾಕ್ಷನ್ನಿನೊಳಗೇ, ಅಂದರೆ ಆದರೆ ಎಲ್ಲವೂ ಆಗಬೇಕು ಇಲ್ಲವೇ ಯಾವುದೂ ಆಗಬಾರದು ಎಂಬ ಒಂದೇ ಕಟ್ಟಿನೊಳಗೆ, ಹಿಂತೆಗೆಯಬಲ್ಲದು. ಮತ್ತೊಂದು ಡೇಟಾಬೇಸಾದ ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಹೆಜ್ಜೆಯೂ ಅಲ್ಲಿಗಲ್ಲಿಗೇ ಖಾಯಂ, ಫೈಲು ಅರ್ಧಕ್ಕೆ ನಿಂತರೆ ಅರ್ಧವೇ ಉಳಿಯುತ್ತದೆ. ಅಲ್ಲಿ ಒಂದು ಫೈಲಿಗೆ ಒಂದೇ ಬದಲಾವಣೆ ಇಡಿ.

ಹತ್ತು ಸಾಲಿನ ಟೇಬಲ್ಲಿನಲ್ಲಿ ಎಲ್ಲವೂ ಚಿಟಿಕೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಸ್ಟೇಜಿಂಗಿನಲ್ಲಿ ನಿಜದಷ್ಟೇ ದೊಡ್ಡ ಮಾಹಿತಿ ಇರಬೇಕು, ಸದಸ್ಯರ ಹೆಸರು, ನಂಬರು ಮಾತ್ರ ಮರೆಮಾಡಿ.

ಇನ್ನು ಅಳಿಸುವುದು. ಹೋದ ಕಾಲಮ್ಮಿನ ಮಾಹಿತಿಯನ್ನು ಬದಲಾವಣೆಯನ್ನು ಹಿಂದಿರುಗಿಸುವ ಯಾವ ರೋಲ್‌ಬ್ಯಾಕ್ ಸ್ಕ್ರಿಪ್ಟೂ ತಂದುಕೊಡದು, ಬ್ಯಾಕಪ್ ಒಂದೇ ಗತಿ. ಹಳೆಯ 'ಫೋನ್' ಅನ್ನು ಯಾರು ಓದುತ್ತಿದ್ದಾರೆ ಎಂದು ಡೇಟಾಬೇಸಿನ ದಿನಚರಿಯಾದ ಲಾಗ್‌ಗಳಲ್ಲಿ ಹುಡುಕಿ. ಸಾಧ್ಯವಾದರೆ ಒಂದು ಮಾರ್ಚ್ 31 ದಾಟಲಿ. ವರ್ಷಕ್ಕೊಮ್ಮೆ ಮಾತ್ರ ಓಡುವ ಆಡಿಟ್ ವರದಿ ಆ ಕಾಲಮ್ಮನ್ನೇ ನಂಬಿಕೊಂಡಿರಬಹುದು.