ನರ್ಸಿಂಗ್ ಸೀಟು ತೀರ್ಮಾನ ಆಗುವುದು ಅನಾಟಮಿ ಕ್ಲಾಸಿನಲ್ಲಿ

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಅರ್ಜಿ ಯಾವಾಗ ಕರೀತಾರೆ?" ನಾನು ತಿರುಗಿ ಕೇಳುವುದು: "ಅನಾಟಮಿ ಯಾವಾಗ ತಗೋತೀಯಾ?" ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿದ್ದೂ ಇದನ್ನೇ. ಕಮ್ಯುನಿಟಿ ಕಾಲೇಜಿನ, ಅಂದರೆ ಅಮೆರಿಕದ ಎರಡು ವರ್ಷದ ಸರ್ಕಾರಿ ಕಾಲೇಜಿನ, ನರ್ಸಿಂಗ್ ಸೀಟು ಅರ್ಜಿ ಹಾಕಿದ ದಿನ ಸಿಗುವಂಥದ್ದಲ್ಲ. ಅದಕ್ಕೂ ಒಂದೆರಡು ವರ್ಷ ಮುಂಚೆ, ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಅನ್ನುವ, ಅರ್ಜಿಗೂ ಮುಂಚೆ ಮುಗಿಸಬೇಕಾದ ಮೂರು ಕ್ಲಾಸುಗಳ ಗ್ರೇಡಿನಲ್ಲೇ ಅದು ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಇದು ಹೆದರಿಸುವ ಮಾತಲ್ಲ. ಸೀಟು ಅದೃಷ್ಟದ ಕೈಲಿರುವುದಕ್ಕಿಂತ ನಿಮ್ಮ ಕೈಲಿರುವುದು ಒಳ್ಳೆಯದು, ಅಲ್ವಾ?

ನಾನು ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ ಲೆಕ್ಕ. ನಾನು ಓದಿದ್ದೂ ಇಲ್ಲೇ, ಕೆಲಸ ಮಾಡುತ್ತಿರುವುದೂ ಇಲ್ಲೇ. ಟೆಕ್ಸಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಿಮ್ಮ ನೆಂಟರಿಗೆ ಹೇಳುವಾಗ ಅಲ್ಲಿನ ಕಾಲೇಜಿನ ನಿಯಮ ನೋಡಿ ಹೇಳಿ.

ಮೊದಲು ಒಂದು ಅನುಮಾನ ಬಗೆಹರಿಸಿಬಿಡೋಣ. "ಎರಡು ವರ್ಷದ ಕೋರ್ಸು ಅಂದರೆ ಪೂರ್ತಿ ನರ್ಸ್ ಅಲ್ಲ, ಅರ್ಧ ನರ್ಸ್" ಅಂತ ನಮ್ಮವರಲ್ಲಿ ಒಂದು ಅಭಿಪ್ರಾಯ ಇದೆ. ಅದು ತಪ್ಪು. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರೂ ನಾಲ್ಕು ವರ್ಷದ ನರ್ಸಿಂಗ್ ಪದವಿ ಬಿಎಸ್‌ಎನ್ ಮಾಡಿದವರೂ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್. ಸಿಗುವುದೂ ಒಂದೇ ರಿಜಿಸ್ಟರ್ಡ್ ನರ್ಸ್, ಅಂದರೆ ಆರ್‌ಎನ್ ಲೈಸೆನ್ಸ್. ಮಿಲ್ಡ್ರೆಡ್ ಮೊಂಟ್ಯಾಗ್ ಅನ್ನುವ ಅಧ್ಯಾಪಕಿ 1950ರ ದಶಕದ ಶುರುವಿನಲ್ಲಿ ಈ ಎರಡು ವರ್ಷದ ದಾರಿಯನ್ನು ರೂಪಿಸಿದರು. ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸುಗಳು ಸಾಲದೆ ಒದ್ದಾಡುತ್ತಿದ್ದ ಕಾಲ ಅದು. ಅಲ್ಲಿಯವರೆಗೆ ಹೆಚ್ಚಿನವರು ಕಲಿಯುತ್ತಿದ್ದದ್ದು ಆಸ್ಪತ್ರೆಗಳೇ ನಡೆಸುತ್ತಿದ್ದ ಮೂರು ವರ್ಷದ ಡಿಪ್ಲೊಮಾ ಶಾಲೆಗಳಲ್ಲಿ. ಮದುವೆಯಾದವರಿಗೆ, ಮಕ್ಕಳಿರುವವರಿಗೆ, ವಯಸ್ಸು ದಾಟಿದವರಿಗೆ ಆ ಬಾಗಿಲು ತೆರೆಯುವುದೇ ಕಷ್ಟವಿತ್ತು. ಕಮ್ಯುನಿಟಿ ಕಾಲೇಜು ಆ ಬಾಗಿಲನ್ನು ತೆರೆಯಿತು. ಇಲ್ಲಿ ಕೂತಿರುವ ಎಷ್ಟೋ ಜನ ಇವತ್ತು ಒಳಗೆ ಹೋಗಲು ನೋಡುತ್ತಿರುವುದು ಅದೇ ಬಾಗಿಲಿನಿಂದ.

ಬಿಎಸ್‌ಎನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಇದ್ದವರನ್ನೇ ಮೊದಲು ನೋಡುತ್ತವೆ. ಆದರೆ ಆರ್‌ಎನ್ ಆದ ಮೇಲೆ, ಕೈಗೆ ಸಂಬಳ ಬರುತ್ತಿರುವಾಗ, ಆನ್‌ಲೈನ್‌ನಲ್ಲೇ ಅದನ್ನು ಮುಗಿಸಿಕೊಳ್ಳಬಹುದು. ನನ್ನ ಜೊತೆ ಓದಿದ ಬಹಳಷ್ಟು ಜನ ಹಾಗೇ ಮಾಡಿದರು.

ಖರ್ಚಿನ ವಿಷಯ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಫೀಸು, ಕ್ಲಾಸಿನ ಗಾತ್ರ ಅಳೆಯುವ ಒಂದು ಯೂನಿಟ್‌ಗೆ 46 ಡಾಲರ್. 2012ರಿಂದ ಅಷ್ಟೇ ಇದೆ. ಐದು ಯೂನಿಟ್‌ನ ಅನಾಟಮಿಗೆ 230 ಡಾಲರ್. ಎಲ್ಲಾ ಸೇರಿ 70 ಯೂನಿಟ್ ಅಂದುಕೊಂಡರೂ 3,220 ಡಾಲರ್. ಪುಸ್ತಕ, ಯೂನಿಫಾರ್ಮು, ಸ್ಟೆತಸ್ಕೋಪು, ಪರೀಕ್ಷೆಯ ಫೀಸು ಇವೆಲ್ಲ ಬೇರೆ. ಆದರೆ ನಿವಾಸಿ ಅಲ್ಲ ಅಂತ ಕಾಲೇಜು ಲೆಕ್ಕ ಹಾಕಿದರೆ ಫೀಸು ಹಲವು ಪಟ್ಟು ಏರುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದು ವರ್ಷಕ್ಕಿಂತ ಹೆಚ್ಚು ಆಗಿರಬೇಕು, ಅದಕ್ಕೆ ದಾಖಲೆ ಬೇಕು. ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ಓದಬಹುದು, ಅದಕ್ಕೆ ಬೇರೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ಆದರೆ ಓದು ಮುಗಿದ ಮೇಲೆ ಕೆಲಸಕ್ಕೆ ಸೇರಬೇಕಾದರೆ ಕೆಲಸದ ಪರವಾನಗಿ ಇರಲೇಬೇಕು. ಈ ಲೆಕ್ಕವನ್ನು ಮನೆಯಲ್ಲಿ ಕೂತು ಮೊದಲೇ ಹಾಕಿ. ನಿಮ್ಮ ಗ್ರೀನ್ ಕಾರ್ಡ್ ಎಲ್ಲಿಗೆ ಬಂದಿದೆ ಅನ್ನುವುದೂ ನಿಮ್ಮ ಓದಿನ ಯೋಜನೆಯ ಭಾಗವೇ.

ಇನ್ನೊಂದು ಮಾತು. ಊರಲ್ಲೇ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಬಂದವರು ದಯವಿಟ್ಟು ಇದನ್ನೆಲ್ಲ ಮೊದಲಿಂದ ಶುರು ಮಾಡಬೇಡಿ. ನಿಮ್ಮ ದಾರಿ ಬೇರೆ. ನಿಮ್ಮ ಅಂಕಪಟ್ಟಿಗಳನ್ನು ಪರಿಶೀಲನೆಗೆ ಕಳಿಸಿ, ರಾಜ್ಯದ ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕಿ, ನೇರ ಎನ್‌ಕ್ಲೆಕ್ಸ್ ಬರೆಯುವ ದಾರಿ ಅದು. ಬೆಂಗಳೂರಿನಲ್ಲೇ ಅದರ ಪರೀಕ್ಷಾ ಕೇಂದ್ರ ಇದೆ. ಯಾವುದೋ ಒಂದು ವಿಷಯ ಕಡಿಮೆ ಬಿದ್ದರೆ ಅದನ್ನಷ್ಟೇ ಇಲ್ಲಿ ತುಂಬಿಸಿಕೊಳ್ಳಬಹುದು.

ಈಗ ಅನಾಟಮಿಗೆ ಬರೋಣ. ನನ್ನ ಸಮಯದ ಹೆಚ್ಚಿನ ಪಾಲು ಇದಕ್ಕೇ.

ನಮ್ಮಲ್ಲಿ ಬಿ.ಇ., ಎಂ.ಕಾಂ., ಎಂ.ಎಸ್ಸಿ. ಮಾಡಿದವರು ತುಂಬಾ ಜನ ಇದ್ದಾರೆ. ಊರಿನ ಡಿಗ್ರಿಯ ಮೌಲ್ಯಮಾಪನ ಮಾಡಿಸಿದರೆ ಸಾಮಾನ್ಯ ವಿಷಯಗಳಲ್ಲಿ ಕೆಲವು ಮಾಫಿ ಸಿಗಬಹುದು. ಆದರೆ ಈ ಮೂರು ವಿಜ್ಞಾನಗಳನ್ನು ಸಾಮಾನ್ಯವಾಗಿ ಇಲ್ಲೇ, ಲ್ಯಾಬ್ ಸಮೇತ ಮಾಡಬೇಕಾಗುತ್ತದೆ. ಒಂದು ಸಲ "ಸಿ" ಬಂತು ಅಂದರೆ ಅಳಿಸುವುದು ಸುಲಭವಲ್ಲ, ಮತ್ತೆ ಮತ್ತೆ ತಗೊಳ್ಳಲು ಬಿಡುವುದಿಲ್ಲ. ಹಳೆಯದಾದರೂ ಕಷ್ಟ. ಐದು ವರ್ಷ, ಏಳು ವರ್ಷ ದಾಟಿದ ವಿಜ್ಞಾನದ ಗ್ರೇಡನ್ನು ಎಷ್ಟೋ ಕಾಲೇಜುಗಳು ಒಪ್ಪುವುದಿಲ್ಲ. ಹಾಗಾಗಿ ಮಗು ಹಾಲು ಕುಡಿಯುತ್ತಿರುವಾಗ ಸುಮ್ನೆ ಒಂದು ಕ್ಲಾಸ್ ತಗೊಂಡು ನೋಡೋಣ ಅಂತ ಅನಾಟಮಿಯಿಂದ ಶುರು ಮಾಡಬೇಡಿ. ಇಂಗ್ಲಿಷ್ ಕಾಂಪೊಸಿಷನ್ ತಗೊಳ್ಳಿ, ಸೈಕಾಲಜಿ ತಗೊಳ್ಳಿ, ಸ್ಟ್ಯಾಟಿಸ್ಟಿಕ್ಸ್ ತಗೊಳ್ಳಿ. ಅನಾಟಮಿಗೆ ಮನೆ ಸಿದ್ಧವಾಗಿರುವ ಸೆಮಿಸ್ಟರ್ ಇಟ್ಟುಕೊಳ್ಳಿ.

ಆ ಕ್ಲಾಸಿನ ಲ್ಯಾಬ್ ಪರೀಕ್ಷೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಕೋಣೆ ತುಂಬಾ ಮೇಜುಗಳು. ಒಂದು ಮೇಜಿನ ಮೇಲೆ ತೊಡೆಯ ಮೂಳೆ, ಇನ್ನೊಂದರ ಮೇಲೆ ಕುರಿಯ ಹೃದಯ, ಮತ್ತೊಂದರಲ್ಲಿ ಮೈಕ್ರೋಸ್ಕೋಪಿನಡಿ ಒಂದು ಸ್ಲೈಡ್. ಪ್ರತಿಯೊಂದರಲ್ಲೂ ಒಂದು ಪಿನ್ ಚುಚ್ಚಿ, ಪಕ್ಕದಲ್ಲಿ ಒಂದು ಚೀಟಿ: ಇದರ ಹೆಸರೇನು? ಇದು ಎಡಗಾಲಿನದೋ ಬಲಗಾಲಿನದೋ? ಒಂದೋ ಒಂದೂವರೆಯೋ ನಿಮಿಷ, ಗಂಟೆ ಬಾರಿಸುತ್ತದೆ, ಮುಂದಿನ ಮೇಜು. ಹಿಂದೆ ತಿರುಗಿ ಹೋಗುವಂತಿಲ್ಲ. ಸ್ಪೆಲಿಂಗ್ ತಪ್ಪಿದರೂ ಅಂಕ ಹೋಗುತ್ತದೆ. ಪುಸ್ತಕದಲ್ಲಿ ಚಿತ್ರ ನೋಡಿ ಬಾಯಿಪಾಠ ಮಾಡಿದ ಹುಡುಗಿ ಮೂಳೆಯನ್ನು ತಲೆಕೆಳಗಾಗಿ ಇಟ್ಟಿದ್ದರೆ ಗುರುತೇ ಹಿಡಿಯುವುದಿಲ್ಲ. ಗುರುತು ಹಿಡಿಯುವುದು ಕ್ಲಾಸಿನ ಹೊರಗೂ ತೆರೆದಿರುವ ಓಪನ್ ಲ್ಯಾಬ್‌ಗೆ ಹೋಗಿ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ತಡವಿ ಕಲಿತವಳು. 206 ಮೂಳೆಗಳ ಹೆಸರು ಕಲಿಯುವುದು ದೊಡ್ಡದಲ್ಲ. ಪ್ರತಿ ಮೂಳೆಯ ಮೇಲಿನ ಉಬ್ಬು, ತಗ್ಗು, ತೂತುಗಳಿಗೂ ಒಂದೊಂದು ಹೆಸರಿದೆ, ಸಮಯ ತಿನ್ನುವುದು ಅದು.

ಕೆಲವು ಕಾಲೇಜುಗಳಲ್ಲಿ ಬೆಕ್ಕನ್ನು ಕೊಯ್ದು ನೋಡಬೇಕಾಗುತ್ತದೆ, ಕೆಲವು ಕಡೆ ಮನುಷ್ಯರ ಮೃತದೇಹವೇ ಇರುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆಗಳಿಂದ ಬಂದವರು ನಮ್ಮಲ್ಲಿದ್ದಾರೆ. ಅವರಿಗೆ ನಾನು ಹೇಳುವುದು, ಹೆಸರು ನೋಂದಾಯಿಸುವ ಮುಂಚೆ ಲ್ಯಾಬಿಗೆ ಹೋಗಿ ಒಂದು ಸಲ ನೋಡಿ ಬನ್ನಿ. ತಮ್ಮ ದೇಹವನ್ನು ನಮ್ಮ ಓದಿಗೆ ಅಂತ ಬಿಟ್ಟು ಹೋದವರ ಮುಂದೆ ನಿಂತಾಗ ಅಸಹ್ಯ ಉಳಿಯುವುದಿಲ್ಲ, ಗೌರವ ಬರುತ್ತದೆ.

ಆಮೇಲೆ ಬರುವುದು ಟೀಸ್ ಅನ್ನುವ ಪ್ರವೇಶ ಪರೀಕ್ಷೆ. 170 ಪ್ರಶ್ನೆ, 209 ನಿಮಿಷ. ಓದಿ ಅರ್ಥ ಮಾಡಿಕೊಳ್ಳುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಅಂತ ನಾಲ್ಕು ಭಾಗ. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಶೇ. 62 ಬಂದರೆ ಪಾಸು. ಆದರೆ ಪಾಸು ಬೇರೆ, ಸೀಟು ಬೇರೆ. ನಮ್ಮವರಿಗೆ ಗಣಿತ ನೀರು ಕುಡಿದಷ್ಟು ಸುಲಭ. ಕೈಕೊಡುವುದು ಇಂಗ್ಲಿಷ್ ಭಾಗ, 37 ನಿಮಿಷದಲ್ಲಿ 37 ಪ್ರಶ್ನೆ. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ.

ನಮ್ಮೂರಿನ ಸಿಇಟಿ ಥರ ಇಡೀ ರಾಜ್ಯಕ್ಕೆ ಒಂದೇ ರ‍್ಯಾಂಕ್ ಪಟ್ಟಿ ಇಲ್ಲಿಲ್ಲ. ಕೆಲವು ಕಾಲೇಜು ಲಾಟರಿ ಎತ್ತುತ್ತವೆ, ಹಲವು ಕಾಲೇಜು ಪಾಯಿಂಟು ಕೊಡುತ್ತವೆ. ಕ್ಯೂಪರ್ಟಿನೋದ ಡಿ ಆಂಜಾ, ಸ್ಯಾನ್ ಹೋಸೆಯ ಎವರ್‌ಗ್ರೀನ್ ವ್ಯಾಲಿ, ಹೇವರ್ಡ್‌ನ ಶಾಬೋ, ಓಲೋನಿ, ಹೀಗೆ ನಮ್ಮ ಸುತ್ತಮುತ್ತಲೇ ನರ್ಸಿಂಗ್ ಇರುವ ಕಾಲೇಜುಗಳಿವೆ. ಪ್ರತಿಯೊಂದರ ನಿಯಮವನ್ನೂ ಅದರದೇ ಮಾಹಿತಿ ಸಭೆಗೆ ಹೋಗಿ ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಬಂದ ನಿಯಮ ಹೋದ ವರ್ಷದ್ದಾಗಿರುತ್ತದೆ.

ಪಾಯಿಂಟ್ ಪದ್ಧತಿಯಲ್ಲಿ ನಮಗೆ ಖುಷಿ ಕೊಡುವ ಒಂದು ಸಂಗತಿ ಇದೆ. ಗ್ರೇಡು, ಪರೀಕ್ಷೆಯ ಅಂಕ, ಆಸ್ಪತ್ರೆಯ ಕೆಲಸದ ಅನುಭವ, ಜೀವನದಲ್ಲಿ ಎದುರಿಸಿದ ಕಷ್ಟ ಇವುಗಳ ಜೊತೆ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಬರುವುದಕ್ಕೂ ಪಾಯಿಂಟ್ ಕೊಡಲು ಅವಕಾಶವಿದೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿರುವ ಆ ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್, ಟಗಾಲೊಗ್‌ಗಳ ಜೊತೆ ಭಾರತ ಉಪಖಂಡದ ಭಾಷೆಗಳು ಅಂತಲೂ ಇದೆ. ಅಂದರೆ ನಿಮ್ಮ ಕನ್ನಡವೂ ಲೆಕ್ಕಕ್ಕೆ ಬರಬಹುದು. ಯಾವ ಪುರಾವೆ ಕೇಳುತ್ತಾರೆ ಅಂತ ಕೌನ್ಸೆಲರ್ ಹತ್ತಿರ ವಿಚಾರಿಸಿ. ಊರಿನ ಅಂಕಪಟ್ಟಿಗಳನ್ನು ಎಸೆಯಬೇಡಿ.

ಅನುಭವಕ್ಕೆ ನರ್ಸಿಂಗ್ ಸಹಾಯಕರ ಕೆಲಸ, ಅಂದರೆ ಸಿಎನ್‌ಎ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆಯ ತರಬೇತಿ. ಅದರಲ್ಲಿ 100 ಗಂಟೆ ರೋಗಿಗಳ ಜೊತೆಯೇ. ಮಲ ಒರೆಸುವುದು, ಮಗ್ಗುಲು ಬದಲಿಸುವುದು, ಹಲ್ಲುಸೆಟ್ಟು ತೊಳೆಯುವುದು, ತುತ್ತು ಕೊಡುವುದು. "ಇಷ್ಟು ಓದಿ ಈ ಕೆಲಸನಾ?" ಅಂತ ಫೋನಿನಲ್ಲಿ ಅತ್ತೆಯೋ ಚಿಕ್ಕಪ್ಪನೋ ಕೇಳುತ್ತಾರೆ. ಕೇಳಲಿ. ಎಂಬತ್ತು ದಾಟಿದವರೊಬ್ಬರಿಗೆ ಮೈ ತೊಳೆಯುವಾಗ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದ್ದನ್ನು, ಒತ್ತಿದರೂ ಬಿಳುಪಾಗದೇ ಇದ್ದದ್ದನ್ನು ಮೊದಲು ಕಾಣುವವರು ಡಾಕ್ಟರಲ್ಲ, ಈ ಸಿಎನ್‌ಎ. ಹಾಸಿಗೆ ಹುಣ್ಣಿನ ಮೊದಲ ಹಂತ ಅದು. ಅಲ್ಲೇ ಹಿಡಿದರೆ ಆ ಜೀವಕ್ಕೆ ತಿಂಗಳುಗಟ್ಟಲೆ ನೋವು ತಪ್ಪುತ್ತದೆ. ಈ ಕೆಲಸ ಕೀಳು ಅನ್ನುವ ಮಾತು ಕೇಳಿದಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಸೀಟು ಸಿಕ್ಕಿತು ಅಂದುಕೊಳ್ಳಿ. ಕೂಡಲೇ ಒಂದು ದೊಡ್ಡ ಪಟ್ಟಿ ಬರುತ್ತದೆ. ಹಿನ್ನೆಲೆ ತಪಾಸಣೆ, ಡ್ರಗ್ ಪರೀಕ್ಷೆ, ತುರ್ತಿನಲ್ಲಿ ಜೀವ ಉಳಿಸುವ ಬಿಎಲ್‌ಎಸ್ ತರಬೇತಿ, ಲಸಿಕೆಗಳ ಪುರಾವೆ. ಇದರಲ್ಲಿ ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಕ್ಷಯದ ಪರೀಕ್ಷೆಯಲ್ಲಿ. ನಿಮ್ಮ ಎಡತೋಳು ನೋಡಿಕೊಳ್ಳಿ, ಬಿಸಿಜಿ ಕಲೆ ಇರುತ್ತದೆ. ಆ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌ರೇ, ಓಡಾಟ, ಗಾಬರಿ. ಕ್ವಾಂಟಿಫೆರಾನ್ ಅನ್ನುವ ರಕ್ತ ಪರೀಕ್ಷೆಗೆ ಬಿಸಿಜಿ ಅಡ್ಡ ಬರುವುದಿಲ್ಲ. ಅದನ್ನೇ ಮಾಡಿಸಬಹುದಾ ಅಂತ ಮೊದಲೇ ಕೇಳಿ. ಹೆಪಟೈಟಿಸ್ ಬಿ ಲಸಿಕೆಯ ಡೋಸುಗಳ ನಡುವೆ ತಿಂಗಳುಗಳ ಅಂತರ ಬೇಕು. ಹಾಕಿಸಿಕೊಂಡಿಲ್ಲದವರು ಸೀಟಿಗೆ ಕಾಯದೆ ಶುರು ಮಾಡಿ.

ಮೊದಲ ಸೆಮಿಸ್ಟರ್‌ನಲ್ಲೇ ಔಷಧಿ ಲೆಕ್ಕದ ಪರೀಕ್ಷೆ ಇರುತ್ತದೆ. ಶೇ. 90 ಕೇಳುವ ಕಾಲೇಜುಗಳಿವೆ, ನೂರಕ್ಕೆ ನೂರು ಕೇಳುವವೂ ಇವೆ. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಈ ಟ್ಯೂಬಿನಲ್ಲಿ 15 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ? 1000ವನ್ನು 15ರಿಂದ ಗುಣಿಸಿ, 480 ನಿಮಿಷದಿಂದ ಭಾಗಿಸಿ. 31 ಹನಿ. ಲೆಕ್ಕ ಏಳನೇ ಕ್ಲಾಸಿನದು, ಎಚ್ಚರ ಮಾತ್ರ ಬೇರೆ ಮಟ್ಟದ್ದು. ಅರ್ಧ ಮಿಲಿಗ್ರಾಂ ಅನ್ನುವಾಗ ಬಿಂದುವಿಗೆ ಮೊದಲು ಸೊನ್ನೆ ಇರಲೇಬೇಕು, 0.5 ಅಂತ. ಐದು ಮಿಲಿಗ್ರಾಂ ಅನ್ನುವಾಗ 5.0 ಅಂತ ಬರೆಯಲೇಬಾರದು. ಆ ಬಿಂದು ಕಾಣದೇ ಹೋದರೆ ರೋಗಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ.

ಆಮೇಲೆ ಪ್ರಶ್ನೆಗಳ ಜಾತಿಯೇ ಬದಲಾಗುತ್ತದೆ. ನಾಲ್ಕು ರೋಗಿಗಳಿದ್ದಾರೆ. ಒಬ್ಬರು ಆಪರೇಷನ್ ಆಗಿ ನೋವಿಗೆ ಮಾತ್ರೆ ಕೇಳುತ್ತಿದ್ದಾರೆ. ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಇನ್ನೊಬ್ಬರ ರಕ್ತದ ಆಕ್ಸಿಜನ್ ಶೇ. 90 ಇದೆ. ಒಬ್ಬರು ಡಿಸ್ಚಾರ್ಜ್ ಆಗಿಲ್ಲ ಅಂತ ಕೂಗಾಡುತ್ತಿದ್ದಾರೆ. ನಾಲ್ಕನೆಯವರು ಬೆಳಿಗ್ಗೆ ಚೆನ್ನಾಗಿ ಮಾತಾಡಿದ್ದವರು, ಈಗ ತಾನು ಎಲ್ಲಿದ್ದೇನೆ ಅಂತ ಹೇಳಲು ಆಗುತ್ತಿಲ್ಲ. ಮೊದಲು ಯಾರ ಹತ್ತಿರ ಹೋಗುತ್ತೀರಿ? 90 ನೋಡಿದ ತಕ್ಷಣ ಎಲ್ಲರೂ ಅಲ್ಲಿಗೆ ಓಡುತ್ತಾರೆ. ಆದರೆ ಸಿಒಪಿಡಿಯವರಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ಓಡಬೇಕಾದದ್ದು ನಾಲ್ಕನೆಯವರ ಹತ್ತಿರ, ಯಾಕೆಂದರೆ ಅಲ್ಲಿ ಏನೋ ಹೊಸದಾಗಿ ಆಗುತ್ತಿದೆ. ಉರು ಹೊಡೆದು ರ‍್ಯಾಂಕ್ ಬಂದವರು ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ. ಹೀಗಾಗಿಯೇ ಫಿಸಿಯಾಲಜಿಯನ್ನು ಗ್ರೇಡಿಗೋಸ್ಕರ ಅಲ್ಲ, ಅರ್ಥವಾಗುವ ಹಾಗೆ ಓದಿ ಅನ್ನುವುದು. ಎನ್‌ಕ್ಲೆಕ್ಸ್ ಕೂಡ ಹೀಗೇ. ಕಡಿಮೆಯೆಂದರೆ 85 ಪ್ರಶ್ನೆ, ಜಾಸ್ತಿಯೆಂದರೆ 150. ನಿಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಕೊಡುತ್ತದೆ.

ಗಂಡಂದಿರಿಗೂ ಅತ್ತೆ ಮಾವಂದಿರಿಗೂ ಒಂದು ಮಾತು. ಕ್ಲಿನಿಕಲ್, ಅಂದರೆ ಆಸ್ಪತ್ರೆಯ ತರಬೇತಿ, ಇರುವ ದಿನ ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಲ್ಲಿರಬೇಕು. ಕೆಲವೊಮ್ಮೆ ಹನ್ನೆರಡು ಗಂಟೆ ನಿಂತೇ ಇರಬೇಕು. ಗೌರಿ ಹಬ್ಬಕ್ಕೂ ರಜೆ ಇಲ್ಲ, ಮಗುವಿಗೆ ಜ್ವರ ಬಂದರೂ ತಪ್ಪಿಸುವಂತಿಲ್ಲ. ಒಂದೆರಡು ದಿನಕ್ಕಿಂತ ಹೆಚ್ಚು ತಪ್ಪಿಸಿದರೆ ಕೋರ್ಸಿನಿಂದಲೇ ಹೊರಗೆ ಬೀಳಬಹುದು. "ನಾನು ಸಹಾಯ ಮಾಡ್ತೀನಿ" ಅಂದರೆ ಸಾಲದು. ಮಂಗಳವಾರ, ಬುಧವಾರ ಡೇಕೇರ್ ಯಾರದು, ಅಡಿಗೆ ಯಾರದು, ಮಗುವಿಗೆ ಜ್ವರ ಬಂದರೆ ಆಫೀಸಿಗೆ ರಜೆ ಹಾಕುವವರು ಯಾರು ಅಂತ ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ. ಓದುವುದು ಆಗದೆ ಬಿಟ್ಟವರಿಗಿಂತ ಈ ಚೀಟಿ ಇಲ್ಲದೆ ಬಿಟ್ಟವರನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಊರಿನ ಅಂಕಪಟ್ಟಿ ತಂದಿರುವವರು ಹೋಗುವ ಮುಂಚೆ ನನಗೆ ತೋರಿಸಿ. ಮುಂದಿನ ಸೆಮಿಸ್ಟರ್‌ಗೆ ಯಾವ ಕ್ಲಾಸಿನಿಂದ ಶುರು ಮಾಡಬಹುದು ಅಂತ ಒಟ್ಟಿಗೆ ಕೂತು ನೋಡೋಣ.